ಐದು ಚಮಚ ಎಣ್ಣೆ

ಹೊಸೂರಿನಲ್ಲಿ ‘ಎಣ್ಣೆ’ ಎಂದರೆ ಕೇಳುವವರು ಯಾರು ಎಂಬುದರ ಮೇಲೆ ಅರ್ಥ ಬದಲಾಗುತ್ತದೆ. ಮನೆಯಲ್ಲಿ ಹೇಳಿದರೆ ಕಡಲೆಕಾಯಿ ಎಣ್ಣೆ ತರಲು ಅಂಗಡಿಗೆ ಓಡಿಸುತ್ತಾರೆ. ಶನಿವಾರ ಸಂಜೆ ಗೆಳೆಯರ ಮುಂದೆ ಹೇಳಿದರೆ ಮಾತಿಲ್ಲದೆ ಬೈಕ್ ಸ್ಟಾರ್ಟ್ ಆಗುತ್ತದೆ. ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಶಾಪ್ ಫ್ಲೋರಿನಲ್ಲಿ ಹೇಳಿದರೆ ಕಟಿಂಗ್ ಆಯಿಲ್ ಡ್ರಮ್ಮಿನ ಕಡೆ ಕೈ ತೋರಿಸುತ್ತಾರೆ. ನಾನು ಹೇಳಹೊರಟಿರುವುದು ಈ ಮೂರೂ ಅಲ್ಲ, ಬೌಲಿಂಗ್ ಲೇನಿನ ಮೇಲೆ ಸವರುವ ಎಣ್ಣೆ. ನಿಂತ ಜಾಗದಿಂದ ಅದು ಕಣ್ಣಿಗೆ ಕಾಣುವುದಿಲ್ಲ. ಆದರೆ ಏಳು ಕೆ.ಜಿ. ತೂಕದ ಚೆಂಡನ್ನು ತನಗೆ ಬೇಕಾದ ಕಡೆ ಕರೆದುಕೊಂಡು ಹೋಗುತ್ತದೆ.

ಬೌಲಿಂಗ್ ಎಂದ ಕೂಡಲೇ ನಮ್ಮವರಿಗೆ ಕುಂಬ್ಳೆ, ಶ್ರೀನಾಥ್ ನೆನಪಾಗುತ್ತಾರೆ. ಇದು ಹತ್ತು ಪಿನ್ ಬೀಳಿಸುವ ಟೆನ್‌ಪಿನ್ ಬೌಲಿಂಗ್. ಕಂಪನಿಯ ಟೀಮ್ ಔಟಿಂಗ್ ನೆಪದಲ್ಲಿ ಬೆಂಗಳೂರಿನ ಮಾಲ್‌ಗೆ ಹೋಗಿ, ಯಾರೋ ಹಾಕಿ ಬಿಟ್ಟ ಬಾಡಿಗೆ ಶೂ ಹಾಕಿಕೊಂಡು, ಮೂರು ಬೆರಳು ತೂರಿಸಿ ಒಂದು ಗಂಟೆ ಉರುಳಿಸಿ, ಫೋಟೊ ತೆಗೆಸಿಕೊಂಡು ವಾಪಸಾಗುವ ಆಟ. ಬಹಳ ಜನ ಅಲ್ಲಿಗೇ ಮುಗಿಸುತ್ತಾರೆ. ನನಗೆ ಮೊದಲ ದಿನವೇ ಎರಡು ಸ್ಟ್ರೈಕ್, ಅಂದರೆ ಒಂದೇ ಎಸೆತಕ್ಕೆ ಹತ್ತೂ ಪಿನ್, ಬಿದ್ದುಬಿಟ್ಟವು. ಹುಚ್ಚು ಹಿಡಿಯಲು ಅಷ್ಟು ಸಾಕಾಯಿತು. ಆರು ತಿಂಗಳಲ್ಲಿ ಸ್ವಂತ ಚೆಂಡು, ಸ್ವಂತ ಶೂ, ಭಾನುವಾರದ ಬಸ್ಸು ಎಲ್ಲ ಬಂದವು. ಹೊಸೂರಿನಿಂದ ಬೆಂಗಳೂರಿಗೆ ಹೆಚ್ಚೆಂದರೆ 40 ಕಿಲೋಮೀಟರ್. ಅಷ್ಟು ದೂರಕ್ಕೆ ಹಿಡಿಯುವ ಸಮಯ ಮಾತ್ರ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನ ಮರ್ಜಿ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ ಶುರುವಾದ ಮೇಲೆ ಬೊಮ್ಮಸಂದ್ರದಲ್ಲಿ ಬಸ್ಸಿಳಿದು ರೈಲು ಹತ್ತುತ್ತೇನೆ. ಭುಜದ ಮೇಲಿನ ಬ್ಯಾಗು ಎಕ್ಸ್‌ರೇ ಯಂತ್ರದೊಳಗೆ ಹೋದಾಗಲೆಲ್ಲ ಸೆಕ್ಯುರಿಟಿಯವರ ಮುಖ ನೋಡಬೇಕು. ಪರದೆಯ ಮೇಲೆ ಫಿರಂಗಿ ಗುಂಡಿನಂಥ ಒಂದು ಕಪ್ಪು ಉಂಡೆ!

ಒಂದು ವರ್ಷ ಆಡಿದ ಮೇಲೆ ನನ್ನ ಸರಾಸರಿ 165ರ ಆಸುಪಾಸಿಗೆ ಬಂದಿತ್ತು. ಆ ಗರ್ವದಲ್ಲೇ ಸಣ್ಣದೊಂದು ಪಂದ್ಯಾವಳಿಗೆ ಹೆಸರು ಕೊಟ್ಟೆ. ಅದೇ ಲೇನು, ಅದೇ ಚೆಂಡು, ಅದೇ ಕೈ. ಮೊದಲ ಗೇಮಿನಲ್ಲಿ 112. ಎರಡನೆಯದರಲ್ಲಿ ಇನ್ನೂ ಕಡಿಮೆ. ಚೆಂಡು ಒಮ್ಮೆ ತಿರುಗದೆ ನೇರ ಹೋಗಿ ಬಲಗಡೆಯ ಪಿನ್ ಸವರಿಕೊಂಡು ಹೋಗುತ್ತಿತ್ತು, ಮರುಸಲ ಎಡಕ್ಕೆ ಓಡಿ ಮುಂದಿನ ಪಿನ್ನಿನ ಮೂಗಿನ ಮೇಲೆ ಗುದ್ದುತ್ತಿತ್ತು. ಹಿಂದೆ ಕೂತಿದ್ದ ಹಿರಿಯ ಆಟಗಾರರೊಬ್ಬರು ಸುಮಾರು ಹೊತ್ತು ನೋಡಿ, ತಡೆಯಲಾರದೆ ಕರೆದರು.

“ಏನಪ್ಪಾ, ಒಂದೇ ಜಾಗದಲ್ಲಿ ನಿಂತು ಎಷ್ಟು ಸಲ ಹಾಕ್ತೀಯ?”

“ಕೈ ಕೂರ್ತಿಲ್ಲ ಸಾರ್ ಇವತ್ತು.”

“ಕೈಗೇನೂ ಆಗಿಲ್ಲ. ಎಣ್ಣೆ ಬದಲಾಯಿಸವ್ರೆ. ನೋಟಿಸ್ ಬೋರ್ಡಲ್ಲಿ ಪ್ಯಾಟರ್ನ್ ಹಾಕಿದ್ರಲ್ಲ, ನೋಡಲಿಲ್ವಾ?”

ನೋಡಿದ್ದೆ. ಗ್ರಾಫ್ ಇದ್ದ ಒಂದು ಹಾಳೆ. ವೈಫೈ ಪಾಸ್‌ವರ್ಡ್ ಹುಡುಕುತ್ತಿದ್ದವನು ಅದನ್ನು ದಾಟಿ ಮುಂದೆ ಹೋಗಿದ್ದೆ.

ನನ್ನ ಕೆಲಸ ಕ್ವಾಲಿಟಿ ಇನ್‌ಸ್ಪೆಕ್ಷನ್. ದಿನಕ್ಕೆ ಎಂಟು ಗಂಟೆ ಮೈಕ್ರೋಮೀಟರ್ ಹಿಡಿದು, ಕಾಣದ ಮೈಕ್ರಾನ್‌ಗಳ ಮೇಲೆ ಜಗಳ ಆಡಿ ಸಂಬಳ ತೆಗೆದುಕೊಳ್ಳುವವನು. ಅಂಥವನಿಗೆ ನೆಲದ ಮೇಲಿನ ಎಣ್ಣೆ ಹೊಳೆಯಲಿಲ್ಲ ಎಂಬುದೇ ಅವಮಾನ. ಆ ರಾತ್ರಿ ಬಸ್ಸಿನಲ್ಲೇ ಲೆಕ್ಕ ಹಾಕಿದೆ. ಲೇನಿನ ಅಗಲ 41.5 ಇಂಚು, ಫೌಲ್ ಗೆರೆಯಿಂದ ಮೊದಲ ಪಿನ್ನಿಗೆ 60 ಅಡಿ. ಎಣ್ಣೆ ಪಿನ್ನಿನ ತನಕ ಹಾಕುವುದಿಲ್ಲ. ಸಾಮಾನ್ಯವಾಗಿ 40 ಅಡಿಯ ಹತ್ತಿರ ನಿಲ್ಲಿಸಿ, ಮುಂದಿನದನ್ನು ಒಣದಾಗಿಯೇ ಬಿಡುತ್ತಾರೆ. ಒಂದು ಲೇನಿಗೆ ಹಿಡಿಯುವುದು ಸುಮಾರು 25 ಮಿಲಿಲೀಟರ್. ಅಂದರೆ ಐದು ಟೀ ಚಮಚ. ಈ ಐದು ಚಮಚವನ್ನು 40 ಅಡಿಗೆ ಸಮನಾಗಿ ಹರಡಿದರೆ ದಪ್ಪ ಎರಡು ಮೈಕ್ರಾನ್ ದಾಟುವುದಿಲ್ಲ. ತಲೆಗೂದಲೊಂದನ್ನು ಮೂವತ್ತು ಸೀಳು ಮಾಡಿದರೆ ಒಂದು ಸೀಳಿನಷ್ಟು. ಚಂದಾಪುರದ ಹತ್ತಿರ ಮೊಬೈಲಿನ ಕ್ಯಾಲ್ಕುಲೇಟರ್ ಮುಚ್ಚಿ ಕಿಟಕಿಗೆ ತಲೆ ಆನಿಸಿದೆ. ನನ್ನನ್ನು ಸೋಲಿಸಿದ್ದು ಎರಡು ಮೈಕ್ರಾನ್.

ಸಮನಾಗಿ ಹರಡಿದರೆ ಎಂದೆ. ಯಾರೂ ಸಮನಾಗಿ ಹರಡುವುದಿಲ್ಲ ಎನ್ನುವುದೇ ಈ ಆಟದ ಒಳಗುಟ್ಟು.

ಮೊದಲಿಗೆ ಎಣ್ಣೆ ಬಂದದ್ದು ಆಟಕ್ಕಾಗಿ ಅಲ್ಲ, ಮರ ಉಳಿಸಲು. ಹಳೆಯ ಲೇನುಗಳು ಮರದ ಪಟ್ಟಿ ಜೋಡಿಸಿದಂಥವು. ಚೆಂಡು ಬಂದು ಬೀಳುವ ಮುಂಭಾಗಕ್ಕೂ ಪಿನ್ ನಿಲ್ಲುವ ಜಾಗಕ್ಕೂ ಗಟ್ಟಿಯಾದ ಮೇಪಲ್, ನಡುವೆ ಮೆತ್ತನೆಯ ಪೈನ್. ಮೇಲೆ ಶೆಲ್ಯಾಕ್ ವಾರ್ನಿಶ್. ದಿನವಿಡೀ ಚೆಂಡು ಉಜ್ಜಿದರೆ ವಾರ್ನಿಶ್ ಕಿತ್ತು ಬರುತ್ತಿತ್ತು, ಅದಕ್ಕೆ ಎಣ್ಣೆ ಸವರುತ್ತಿದ್ದರು. ಸವರುತ್ತಾ ಸವರುತ್ತಾ ಗೊತ್ತಾಯಿತು: ಎಣ್ಣೆ ಇರುವ ಕಡೆ ಚೆಂಡು ಜಾರುತ್ತದೆ, ಇಲ್ಲದ ಕಡೆ ನೆಲ ಕಚ್ಚಿ ತಿರುಗುತ್ತದೆ. ಹಾಗಾದರೆ ಎಲ್ಲಿ ಎಷ್ಟು ಎಣ್ಣೆ ಎಂದು ನಿರ್ಧರಿಸುವವನ ಕೈಯಲ್ಲೇ ಸ್ಕೋರು! ಈಗ ಲೇನುಗಳು ಸಿಂಥೆಟಿಕ್ ಹಾಳೆಯವು, ಮರದ 39 ಪಟ್ಟಿಗಳು ಬರೀ ಚಿತ್ರವಾಗಿ ಉಳಿದಿವೆ. ಉಳಿಸಬೇಕಾದ ಮರ ಹೋಯಿತು, ಎಣ್ಣೆ ಮಾತ್ರ ಹೋಗಲಿಲ್ಲ.

ಮಾಲುಗಳಲ್ಲಿ, ಸಾಮಾನ್ಯ ಸೆಂಟರುಗಳಲ್ಲಿ ಹಾಕುವುದಕ್ಕೆ ಹೌಸ್ ಪ್ಯಾಟರ್ನ್ ಎನ್ನುತ್ತಾರೆ. ದೋಸೆ ಕಲ್ಲಿಗೆ ಅರ್ಧ ಈರುಳ್ಳಿಯಲ್ಲಿ ಎಣ್ಣೆ ಸವರುವವರನ್ನು ನೋಡಿ. ಅವಸರದವರು ನಡುವೆ ಚೆನ್ನಾಗಿ ಒರೆಸಿ ಅಂಚಿಗೆ ಬರುವಷ್ಟರಲ್ಲಿ ಕೈ ಎತ್ತಿಬಿಡುತ್ತಾರೆ. ಹೌಸ್ ಪ್ಯಾಟರ್ನೂ ಹಾಗೆಯೇ, ಬೇಕೆಂದೇ. ನಡುವಿನ ಪಟ್ಟಿಗಳಲ್ಲಿ ದಪ್ಪ, ಎರಡೂ ಅಂಚಿಗೆ ತೆಳು. ಅಂಚಿಗಿಂತ ನಡುವೆ ಹತ್ತು ಪಟ್ಟು ಹೆಚ್ಚಿರುವುದೂ ಉಂಟು. ಬಲಗೈಯವನ ಚೆಂಡು ಗುರಿ ತಪ್ಪಿ ಬಲಕ್ಕೆ ಸರಿದರೆ ಒಣ ಅಂಚು ಅದನ್ನು ಹಿಡಿದು ಒಳಗೆ ತಿರುಗಿಸುತ್ತದೆ, ಎಡಕ್ಕೆ ಸರಿದರೆ ನಡುವಿನ ಎಣ್ಣೆ ಜಾರಿಸಿ ನೇರ ಕಳಿಸುತ್ತದೆ. ಕಾಲುವೆಯ ಎರಡೂ ಕಡೆ ಬದು ಕಟ್ಟಿದ ಹಾಗೆ. ನೀರು ಹೇಗೆ ಬಿಟ್ಟರೂ ಗದ್ದೆಗೇ ಬರುತ್ತದೆ. ನನ್ನ 165ರ ಸರಾಸರಿಯಲ್ಲಿ ಎಷ್ಟು ನನ್ನದು, ಎಷ್ಟು ಈ ಬದುವಿನದು ಎಂದು ಆಮೇಲೆ ತಿಳಿಯಿತು.

ಈ ಬದು ಒಬ್ಬ ಮನುಷ್ಯನ ಜೀವಮಾನದ ಸಾಧನೆಯನ್ನೇ ನುಂಗಿದೆ. 1982ರ ಜುಲೈ 1ರಂದು ಕ್ಯಾಲಿಫೋರ್ನಿಯಾದ ಲಾ ಹಾಬ್ರಾದಲ್ಲಿ ಗ್ಲೆನ್ ಆಲಿಸನ್ ಎಂಬಾತ ಸತತ ಮೂರು ಗೇಮುಗಳಲ್ಲಿ ಗರಿಷ್ಠ ಸ್ಕೋರಾದ 300, 300, 300 ಹೊಡೆದ. ಒಂದರ ಹಿಂದೆ ಒಂದು 36 ಸ್ಟ್ರೈಕ್. ಅಲ್ಲಿಯ ತನಕ ಯಾರ ಹೆಸರಿನಲ್ಲೂ ಮಾನ್ಯವಾದ 900 ಇರಲಿಲ್ಲ. ಅಮೆರಿಕನ್ ಬೌಲಿಂಗ್ ಕಾಂಗ್ರೆಸ್ ಲೇನುಗಳನ್ನು ತಪಾಸಣೆ ಮಾಡಿಸಿ, ಎಣ್ಣೆ ಹಾಕಿದ ರೀತಿ ನಿಯಮಕ್ಕೆ ಹೊಂದುವುದಿಲ್ಲ ಎಂದು ದಾಖಲೆಯನ್ನು ಒಪ್ಪಲಿಲ್ಲ. ಆತ ಎಷ್ಟು ಹೋರಾಡಿದರೂ ಅವರು ಜಗ್ಗಲಿಲ್ಲ. ಮಾನ್ಯವಾದ ಮೊದಲ 900 ಬಂದದ್ದು 1997ರ ಫೆಬ್ರುವರಿ 2ರಂದು, ನೆಬ್ರಾಸ್ಕಾದ ಲಿಂಕನ್‌ನಲ್ಲಿ, ಜೆರೆಮಿ ಸೊನೆನ್‌ಫೆಲ್ಡ್ ಎಂಬ ಹುಡುಗನ ಕೈಯಿಂದ. 1982ರ ಆ ರಾತ್ರಿ ಪಕ್ಕದ ಲೇನುಗಳಲ್ಲಿ ಅದೇ ಎಣ್ಣೆಯ ಮೇಲೆ ಆಡಿದ ಬೇರೆ ಯಾರೂ 900 ಹೊಡೆದಿರಲಿಲ್ಲವಲ್ಲ ಎಂದು ನಾನು ಇವತ್ತಿಗೂ ಆಲಿಸನ್ ಪರ ವಾದಿಸುತ್ತೇನೆ. ಇನ್‌ಸ್ಪೆಕ್ಟರ್ ಆಗಿ ಮಾತ್ರ, ಪೀಸು ಎಷ್ಟೇ ಚೆನ್ನಾಗಿದ್ದರೂ ಪ್ರೊಸೆಸ್ ತಪ್ಪಿದ್ದರೆ ನಾನೂ ರಿಜೆಕ್ಟ್ ಸೀಲೇ ಒತ್ತುತ್ತಿದ್ದೆ.

ಪಂದ್ಯಾವಳಿಗಳಲ್ಲಿ ಈ ಬದು ತೆಗೆದುಬಿಡುತ್ತಾರೆ. ಸ್ಪೋರ್ಟ್ ಪ್ಯಾಟರ್ನ್‌ನಲ್ಲಿ ನಡುವಿಗೂ ಅಂಚಿಗೂ ವ್ಯತ್ಯಾಸ ಮೂರು ಪಟ್ಟು ಮೀರುವುದಿಲ್ಲ, ಕೆಲವೊಮ್ಮೆ ಅದೂ ಇರುವುದಿಲ್ಲ. ಒಂದು ಪಟ್ಟಿ ಅಥವಾ ಹಲಗೆ, ಅಂದರೆ ಬರೀ ಒಂದು ಇಂಚು ಆಚೀಚೆ ಆದರೂ ಚೆಂಡಿಗೆ ಕ್ಷಮೆಯಿಲ್ಲ. ಇವಕ್ಕೆ ಹೆಸರುಗಳೂ ಇವೆ. ಅಮೆರಿಕದ ವೃತ್ತಿಪರರ ಸಂಘ ಪ್ರಾಣಿಗಳ ಹೆಸರಿಟ್ಟಿದೆ: ಚೀತಾ ಗಿಡ್ಡ ಪ್ಯಾಟರ್ನ್, ಶಾರ್ಕ್ ಉದ್ದದ್ದು. ಅಂತರರಾಷ್ಟ್ರೀಯ ಸಂಸ್ಥೆಯದು ಊರುಗಳ ಹೆಸರು: ಅಥೆನ್ಸ್, ಟೋಕಿಯೊ, ಮೆಕ್ಸಿಕೊ ಸಿಟಿ. ಫ್ಲಾರಿಡಾದ ಕೆಗೆಲ್ ಕಂಪನಿ ಎಣ್ಣೆ ಹಾಕುವ ಯಂತ್ರಗಳಿಗೆ ಹೆಸರುವಾಸಿ, ಅವರು ರಸ್ತೆಗಳ ಹೆಸರಿಟ್ಟಿದ್ದಾರೆ. ಸುಲಭದ್ದು ಮೇನ್ ಸ್ಟ್ರೀಟ್. ಹೊಸೂರಿನ ಬಾಗಲೂರು ರಸ್ತೆಯ ಹೆಸರಿನಲ್ಲೊಂದು ಪ್ಯಾಟರ್ನ್ ಇಟ್ಟಿದ್ದರೆ ಅದನ್ನು ಯಾವ ಚಾಂಪಿಯನ್ನೂ ದಾಟುತ್ತಿರಲಿಲ್ಲ.

ಹಾಳೆ ಓದಲು ಕಲಿಸಿದ್ದು ಆ ಹಿರಿಯರೇ. ಮೊದಲು ಉದ್ದ ನೋಡು, ಅದರಲ್ಲಿ 31 ಕಳೆ ಎಂದರು. 40 ಅಡಿ ಇದ್ದರೆ 9. ಎಣ್ಣೆ ಮುಗಿಯುವ ಜಾಗದಲ್ಲಿ ಚೆಂಡು ಬಲ ಅಂಚಿನಿಂದ ಒಂಬತ್ತನೆಯ ಹಲಗೆಯ ಆಸುಪಾಸಿನಲ್ಲಿರಬೇಕು, ಅಲ್ಲಿಂದ ಅದು ಪಾಕೆಟ್ಟಿನ ಕಡೆ ತಿರುಗುತ್ತದೆ. ಪಾಕೆಟ್ ಎಂದರೆ ಬಲಗೈಯವನಿಗೆ ಮುಂದಿನ ಪಿನ್ನಿಗೂ ಅದರ ಬಲಗಡೆಯ ಮೂರನೆಯ ಪಿನ್ನಿಗೂ ನಡುವಿನ ಸಂದು, ಸುಮಾರು ಹದಿನೇಳೂವರೆಯ ಹಲಗೆ. ಪ್ಯಾಟರ್ನ್ ಗಿಡ್ಡವಾಗಿ 35 ಅಡಿಯಾದರೆ? ನಾಲ್ಕನೆಯ ಹಲಗೆ, ಹೆಚ್ಚುಕಡಿಮೆ ಚರಂಡಿಯ ಅಂಚು. ಒಣ ನೆಲ 25 ಅಡಿ ಸಿಗುವುದರಿಂದ ಚೆಂಡು ಬಹಳ ತಿರುಗುತ್ತದೆ, ಅಷ್ಟು ಹೊರಗಿನಿಂದ ಬಂದರೇ ಪಾಕೆಟ್ಟಿಗೆ ಹೊಂದುತ್ತದೆ. 47 ಅಡಿಯಾದರೆ ಹದಿನಾರು. ತಿರುಗಲು ಜಾಗವೇ ಇಲ್ಲ, ಪಾಕೆಟ್ಟಿನ ನೇರಕ್ಕೇ ಕಳಿಸಬೇಕು. ಇದು ಸೂತ್ರವೇನಲ್ಲ, ಅಂದಾಜು. ನಮ್ಮ ಶಾಪಿನಲ್ಲಿ ಹೊಸ ಜಾಬ್ ಹಾಕುವಾಗ ಮೊದಲ ಪೀಸಿಗೆ ಅಂದಾಜಿನ ಆಫ್‌ಸೆಟ್ ಕೊಡುವುದಿಲ್ಲವೇ, ಅಷ್ಟೇ. ಅಲ್ಲಿಂದ ಮುಂದೆ ಪೀಸೇ ಮಾತಾಡಬೇಕು.

ಪೀಸು ಮಾತಾಡಿದಾಗ ಏನು ಮಾಡಬೇಕು ಎನ್ನುವುದು ನನಗೆ ತುಂಬಾ ದಿನ ತಲೆಗೆ ಹತ್ತಲಿಲ್ಲ. ಚೆಂಡು ಎಡಕ್ಕೆ ಹೆಚ್ಚು ಹೋದರೆ ನಾವು ಬಲಕ್ಕೆ ಸರಿದು ನಿಲ್ಲಬೇಕು ಎಂದು ಮನಸ್ಸು ಹೇಳುತ್ತದೆ. ತಪ್ಪು. ಎಡಕ್ಕೆ ತಪ್ಪಿದರೆ ಕಾಲೂ ಎಡಕ್ಕೇ. ಬಲಕ್ಕೆ ತಪ್ಪಿದರೆ ಬಲಕ್ಕೇ. ನೆಲದ ಮೇಲೆ ಹನ್ನೆರಡರಿಂದ ಹದಿನಾರು ಅಡಿ ದೂರದಲ್ಲಿ ಏಳು ಬಾಣದ ಗುರುತುಗಳಿವೆ. ಅದೇ ಬಾಣದ ಮೇಲೆ ಚೆಂಡು ಬಿಡುತ್ತಾ ಕಾಲನ್ನು ಎಡಕ್ಕೆ ಸರಿಸಿದರೆ, ಬಾಣ ದಾಟಿದ ಮೇಲೆ ಚೆಂಡು ಇನ್ನಷ್ಟು ಬಲಕ್ಕೆ ಹೋಗಿ ಆಮೇಲೆ ತಿರುಗುತ್ತದೆ. ತಕ್ಕಡಿಯ ಮುಳ್ಳಿನ ಹಾಗೆ, ಬಾಣವೇ ಕೀಲು. ದೊಡ್ಡ ಬದಲಾವಣೆ ಬೇಕಾದಾಗ ಕಾಲು ಎರಡು ಹಲಗೆ, ಕಣ್ಣು ಒಂದು ಹಲಗೆ. ಇಷ್ಟು ಹೇಳುವುದಕ್ಕೆ ಅರ್ಧ ನಿಮಿಷ. ಕಾಲು ಅದನ್ನು ನಂಬಲು ನನಗೆ ನಾಲ್ಕು ತಿಂಗಳು ಹಿಡಿಯಿತು.

ಇಷ್ಟರಲ್ಲಿ ಮುಗಿದಿದ್ದರೆ ಆಟ ಸುಲಭ. ಎಣ್ಣೆ ಕೂತ ಜಾಗದಲ್ಲಿ ಕೂರುವುದಿಲ್ಲ.

ಚೆಂಡು ವಾಪಸ್ ಬಂದಾಗ ಎತ್ತಿ ಬೆಳಕಿಗೆ ಹಿಡಿಯಿರಿ. ಮೈಮೇಲೆ ತೆಳ್ಳಗಿನ ಎಣ್ಣೆಯ ಗೆರೆಗಳು ಬಳೆ ತೊಡಿಸಿದ ಹಾಗೆ ಸುತ್ತಿಕೊಂಡಿರುತ್ತವೆ. ಒಂದೇ ಬಳೆ ಅಲ್ಲ. ಐದಾರು, ಒಂದರ ಪಕ್ಕ ಒಂದು, ಎರಡು ಕಡೆ ಕೂಡಿಕೊಂಡು ನಡುವೆ ಅಗಲವಾಗಿ ಬಿಚ್ಚಿಕೊಂಡಿರುತ್ತವೆ. ಚೆಂಡಿನೊಳಗಿನ ತೂಕದ ಗಟ್ಟಿ ಅದನ್ನು ಉರುಳುತ್ತಲೇ ಓರೆ ಮಾಡುವುದರಿಂದ ಪ್ರತಿ ಸುತ್ತಿಗೂ ಮೈಯ ಹೊಸ ಭಾಗ ನೆಲಕ್ಕೆ ತಾಗುತ್ತದೆ, ಅದಕ್ಕೇ ಅಷ್ಟು ಬಳೆ. ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆಯ ಮೇಲೆ ಬೂದುಬಣ್ಣದ ಕಲೆ. ಆ ಕಲೆ ಐದು ಚಮಚದಲ್ಲಿ ಕಡಿಮೆಯಾದ ಪಾಲು. ಪ್ರತಿ ಎಸೆತಕ್ಕೂ ಇಷ್ಟಿಷ್ಟೇ ಎಣ್ಣೆ ಲೇನಿನಿಂದ ಎದ್ದು ಬರುತ್ತದೆ, ಎಲ್ಲರೂ ನಡೆಯುವ ದಾರಿಯಲ್ಲೇ. ಹೊಲದ ನಡುವೆ ಕಾಲುದಾರಿ ಬೀಳುವುದು ಹೀಗೇ. ಮೂರನೆಯ ಗೇಮಿನ ಹೊತ್ತಿಗೆ ಆ ದಾರಿ ಒಣಗಿ, ಮೊದಲ ಗೇಮಿನಲ್ಲಿ ಪಾಕೆಟ್ಟಿಗೆ ಬರುತ್ತಿದ್ದ ಅದೇ ಎಸೆತ ಈಗ ಬೇಗ ಕಚ್ಚಿಕೊಂಡು ಮೂಗಿಗೆ ಹೊಡೆಯುತ್ತದೆ. ಇನ್ನು ನಿಮ್ಮ ಜೊತೆಗಾರ ಎಣ್ಣೆ ಹೀರದ ಪ್ಲಾಸ್ಟಿಕ್ ಅಥವಾ ಯುರಿಥೇನ್ ಚೆಂಡು ಹಾಕುವವನಾದರೆ, ಅವನ ಚೆಂಡು ಎಣ್ಣೆಯನ್ನು ಕುಡಿಯದೆ ಮುಂದಕ್ಕೆ ತಳ್ಳಿ ಒಣ ಜಾಗಕ್ಕೆ ಬಳಿಯುತ್ತದೆ. ಆಗ ತಿರುಗಬೇಕಾದಲ್ಲಿ ನಿಮ್ಮ ಚೆಂಡು ತಿರುಗುವುದಿಲ್ಲ. ಎಡಗೈ ಆಟಗಾರರ ಮೇಲೆ ನಮಗೆಲ್ಲ ಒಂದು ಹೊಟ್ಟೆಕಿಚ್ಚಿದೆ: ಅವರ ಪಾಲಿನ ಹೊಲದಲ್ಲಿ ನಡೆಯುವವರೇ ಕಡಿಮೆ, ಅವರ ಎಣ್ಣೆ ಮಧ್ಯಾಹ್ನದ ತನಕ ಹಾಗೇ ಇರುತ್ತದೆ.

ಇಲ್ಲಿಯೇ ಹೊಸೂರಿನವನಾಗಿದ್ದು ನನಗೆ ಉಪಕಾರಕ್ಕೆ ಬಂತು. ಲೇತಿನ ಮುಂದೆ ನಿಂತ ಹಳೆಯ ಆಪರೇಟರ್ ಟೂಲು ಮೊಂಡಾದದ್ದನ್ನು ಟೂಲು ನೋಡಿ ಹೇಳುವುದಿಲ್ಲ. ಚಿಪ್ಪಿನ ಬಣ್ಣ ನೋಡುತ್ತಾನೆ, ಸದ್ದು ಕೇಳುತ್ತಾನೆ. ಪೀಸು ಅಳತೆ ತಪ್ಪುವ ಮುಂಚೆಯೇ ಆಫ್‌ಸೆಟ್ ಬದಲಾಯಿಸಿರುತ್ತಾನೆ. ಒಳ್ಳೆಯ ಬೌಲರ್ ಕೂಡ ಪಿನ್ ಉಳಿದ ಮೇಲೆ ಸರಿಯುವವನಲ್ಲ. ಹತ್ತೂ ಬಿದ್ದಿರುತ್ತವೆ, ಹಿಂದೆ ಚಪ್ಪಾಳೆ ಕೇಳುತ್ತಿರುತ್ತದೆ, ಆದರೂ ಚೆಂಡು ಅರ್ಧ ಅಡಿ ಮುಂಚೆ ತಿರುಗಿದ್ದನ್ನು ಕಂಡು ಮುಂದಿನ ಎಸೆತಕ್ಕೆ ಒಂದು ಹಲಗೆ ಎಡಕ್ಕೆ ನಿಲ್ಲುತ್ತಾನೆ. ಅಚ್ಚುಕಟ್ಟಾದ ಸ್ಟ್ರೈಕಿನಲ್ಲಿ ಚೆಂಡು ಮುಟ್ಟುವುದು ನಾಲ್ಕೇ ಪಿನ್: ಒಂದು, ಮೂರು, ಐದು, ಒಂಬತ್ತು. ಉಳಿದ ಆರನ್ನು ಪಿನ್ನುಗಳೇ ಬೀಳಿಸಿಕೊಳ್ಳುತ್ತವೆ. ಬಲಮೂಲೆಯ ಹತ್ತನೆಯ ಪಿನ್ನು ಅಲ್ಲಾಡಿ, ಯೋಚನೆ ಮಾಡಿ, ಆಮೇಲೆ ಬಿದ್ದರೆ ಸ್ಕೋರ್ ಬೋರ್ಡಿನಲ್ಲಿ ಅದೂ ಸ್ಟ್ರೈಕೇ. ನೋಡಿದವನಿಗೆ ಮಾತ್ರ ಅದು ನೋಟಿಸು.

ಕಾಲು ಸರಿಸಿ ಸಾಲದಿದ್ದರೆ ಚೆಂಡಿನ ಮೈ ಬದಲಾಯಿಸಬೇಕು. ಈಗಿನ ಪಂದ್ಯದ ಚೆಂಡುಗಳು ರಿಯಾಕ್ಟಿವ್ ರೆಸಿನ್ನಿನವು, 1990ರ ದಶಕದ ಆರಂಭದಲ್ಲಿ ಬಂದವು. ಸೂಕ್ಷ್ಮ ರಂಧ್ರಗಳಿದ್ದು ಎಣ್ಣೆ ಹೀರುತ್ತವೆ. ಅದಕ್ಕೂ ಮೊದಲು ಗಟ್ಟಿ ಪ್ಲಾಸ್ಟಿಕ್ ಚೆಂಡಿನ ಕಾಲದಲ್ಲಿ, 1973ರಲ್ಲಿ, ಡಾನ್ ಮೆಕ್ಯೂನ್ ಎಂಬ ಅಮೆರಿಕದ ವೃತ್ತಿಪರ ತನ್ನ ಚೆಂಡನ್ನು ದ್ರಾವಕದಲ್ಲಿ ನೆನೆಹಾಕಿ ಮೆತ್ತಗೆ ಮಾಡಿಕೊಂಡು ಆಡಿದ, ಆ ವರ್ಷದ ಶ್ರೇಷ್ಠ ಆಟಗಾರನೂ ಆದ. ದ್ರಾವಕ ಯಾವುದು ಗೊತ್ತೇ? ನಮ್ಮ ಪೇಂಟ್ ಶಾಪುಗಳಲ್ಲಿ ಮೂಗು ಸುಡುವ ಎಂಇಕೆ. ಆಮೇಲೆ ಚೆಂಡು ಇಂತಿಷ್ಟು ಗಡಸಾಗಿರಲೇಬೇಕು ಎಂದು ಮಿತಿ ಹಾಕಿದರು. ಅಳೆಯುವುದು ಡ್ಯುರೋಮೀಟರಿನಲ್ಲಿ, ರಬ್ಬರ್ ಬುಷ್ ಅಳೆಯುವ ಅದೇ ಉಪಕರಣ.

ಈಗ ನೆನೆಹಾಕುವುದಿಲ್ಲ, ಉಜ್ಜುತ್ತಾರೆ. ಎಣ್ಣೆ ಉದ್ದವಾಗಿ ದಪ್ಪವಾಗಿ ಇದ್ದರೆ 500 ಅಥವಾ 1000 ಗ್ರೇಡಿನ ಪ್ಯಾಡಿನಲ್ಲಿ ಮೈ ಒರಟು ಮಾಡುತ್ತಾರೆ. ಎಣ್ಣೆಯನ್ನು ಸೀಳಿಕೊಂಡು ನೆಲ ಹಿಡಿಯಲಿ ಎಂದು. ಲೇನು ಒಣಗುತ್ತಾ ಬಂದರೆ ಪಾಲಿಶ್ ಮಾಡಿದ ನುಣುಪು ಚೆಂಡು ತೆಗೆಯುತ್ತಾರೆ. ಕೃಷ್ಣಗಿರಿಯ ಗ್ರಾನೈಟ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಬಂಡೆಯ ಎರಡು ಚಪ್ಪಡಿ, ಒಂದಕ್ಕೆ ಕನ್ನಡಿ ಪಾಲಿಶ್, ಒಂದಕ್ಕೆ ಒರಟು. ಮೇಲೆ ನೀರು ಚೆಲ್ಲಿ ಬರಿಗಾಲಲ್ಲಿ ನಿಂತರೆ ಯಾವುದು ಯಾವುದೆಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಾರೆ. ಒಂಟಿಯಾಗಿ ಉಳಿದ ಮೂಲೆ ಪಿನ್ನಿಗೆ ಮಾತ್ರ ಈ ರಗಳೆಯೇ ಬೇಡ. ತಿರುಗದ ಹಳೆಯ ಪ್ಲಾಸ್ಟಿಕ್ ಚೆಂಡು ತೆಗೆದುಕೊಂಡು ನೇರ ಹೊಡೆಯಬೇಕು, ಎಣ್ಣೆ ಇದ್ದರೂ ಇಲ್ಲದಿದ್ದರೂ ಅದಕ್ಕೆ ಒಂದೇ. ಕಷ್ಟದ ಪ್ಯಾಟರ್ನಿನಲ್ಲಿ ಗೆಲ್ಲುವವರು ಸ್ಟ್ರೈಕ್ ಹೆಚ್ಚು ಹೊಡೆದು ಗೆಲ್ಲುವುದಕ್ಕಿಂತ ಸ್ಪೇರ್ ಬಿಡದೆ, ಅಂದರೆ ಉಳಿದ ಪಿನ್ನುಗಳನ್ನು ಎರಡನೆಯ ಎಸೆತದಲ್ಲಿ ಬೀಳಿಸಿ, ಗೆಲ್ಲುವುದೇ ಹೆಚ್ಚು ಎಂಬುದು ನಾನು ಕಂಡದ್ದು. ನೋಡುವವರಿಗೆ ಅದು ಸಪ್ಪೆ.

ನೆಲವೂ ಸುಮ್ಮನಿರುವುದಿಲ್ಲ. ಲೇನಿನ ಮಟ್ಟದಲ್ಲಿ ಒಂದು ಇಂಚಿನ ಸಾವಿರದಲ್ಲಿ 40 ಭಾಗದಷ್ಟು, ಅಂದರೆ ಒಂದು ಮಿಲಿಮೀಟರಿನಷ್ಟು ಏರುತಗ್ಗಿಗೆ ನಿಯಮದಲ್ಲೇ ಅವಕಾಶವಿದೆ. ‘ನಲವತ್ತು ಥೌ’ ಎಂದರೆ ನಮ್ಮ ಶಾಪಿನಲ್ಲಿ ನಗುತ್ತಾರೆ, ಅಷ್ಟು ಟಾಲರೆನ್ಸ್ ಕೊಟ್ಟರೆ ಕಣ್ಣು ಮುಚ್ಚಿ ಪಾಸ್ ಮಾಡಬಹುದು. ಎರಡು ಮೈಕ್ರಾನ್ ಎಣ್ಣೆಯ ಕೆಳಗೆ ಸಾವಿರ ಮೈಕ್ರಾನಿನ ಹಳ್ಳ! ಅದಕ್ಕೇ ಒಂದೇ ಯಂತ್ರ ಒಂದೇ ಪ್ಯಾಟರ್ನ್ ಹಾಕಿದರೂ ಐದನೆಯ ಲೇನಿನಲ್ಲಿ ಬಂದ ಚೆಂಡು ಆರನೆಯದರಲ್ಲಿ ಬರುವುದಿಲ್ಲ. ಪಂದ್ಯಗಳಲ್ಲಿ ಫ್ರೇಮಿಗೊಂದರಂತೆ, ಅಂದರೆ ಸರದಿಗೊಂದರಂತೆ, ಜೋಡಿ ಲೇನುಗಳಲ್ಲಿ ಅದಲುಬದಲು ಆಡಿಸುತ್ತಾರೆ. ಎರಡು ಮನೆ ನಡೆಸಿದಂತೆ. ಅಲ್ಲಿಯ ಲೆಕ್ಕ ಇಲ್ಲಿ ಹೇಳಬಾರದು.

ಇದನ್ನೆಲ್ಲ ಮೈಗೂಡಿಸಿಕೊಂಡವರನ್ನು ನೋಡಬೇಕಾದರೆ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಅಮೀಬಾದಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳು ನಡೆದಿವೆ. ಹೊರಗೆ ಪುಸ್ತಕದಂಗಡಿ, ಕಾಫಿ, ಜನಜಂಗುಳಿ. ಒಳಗೆ ದೇಶದ ಆಟಗಾರರು ಚೆಂಡು ಒರೆಸುತ್ತಾ ಕೂತಿರುತ್ತಾರೆ ಎಂದರೆ ಹಾದು ಹೋಗುವವರು ನಂಬುವುದಿಲ್ಲ. ಕರ್ನಾಟಕದ ಶೇಖ್ ಅಬ್ದುಲ್ ಹಮೀದ್, ಆಕಾಶ್ ಅಶೋಕ್ ಕುಮಾರ್, ತಮಿಳುನಾಡಿನ ಶಬ್ಬೀರ್ ಧನ್‌ಕೋಟ್ ರಾಷ್ಟ್ರೀಯ ಪ್ರಶಸ್ತಿ ಗೆದ್ದವರು. ಆಧಾರ್ ಕಾರ್ಡಿನ ಪ್ರಕಾರ ನನ್ನ ರಾಜ್ಯದವರು ಧನ್‌ಕೋಟ್, ಬಸ್ಸಿನ ಟಿಕೆಟ್ಟಿನ ಪ್ರಕಾರ ಹಮೀದ್. ಹೊಸೂರಿನ ಕನ್ನಡಿಗರಿಗೆ ಇದೇನೂ ಹೊಸದಲ್ಲ, ರೇಷನ್ ಒಂದು ಕಡೆ, ರೇಡಿಯೊ ಇನ್ನೊಂದು ಕಡೆ. ಆಟಕ್ಕೆ ಸರ್ಕಾರದ ಕಣ್ಣು ಎರಡೂ ಕಡೆ ಅಷ್ಟಕ್ಕಷ್ಟೇ. 1978ರಲ್ಲಿ ಬ್ಯಾಂಕಾಕ್‌ನಲ್ಲಿ ಏಷ್ಯನ್ ಗೇಮ್ಸ್‌ಗೆ ಬಂದ ಬೌಲಿಂಗ್ 2018ರ ಇಂಡೊನೇಷ್ಯಾ ಕೂಟದಲ್ಲೂ ಇತ್ತು, ಅದರ ಮುಂದಿನ ಹಾಂಗ್‌ಝೌ ಕೂಟದಿಂದ ಕೈಬಿಟ್ಟರು. 1988ರಲ್ಲಿ ಸೋಲ್ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನಕ್ಕಿಟ್ಟದ್ದು ಬಿಟ್ಟರೆ ಒಲಿಂಪಿಕ್ಸ್ ಬಾಗಿಲು ತೆರೆದಿಲ್ಲ. ಟಿ.ವಿ.ಯಲ್ಲಿ ನೋಡುವವರಿಗೆ ಸ್ಪರ್ಧೆ ಎಲ್ಲಿದೆ ಎಂಬುದೇ ಕಾಣುವುದಿಲ್ಲವಲ್ಲ, ಅದೂ ಒಂದು ಕಾರಣವಿರಬೇಕು ಎಂದು ನನ್ನ ಗುಮಾನಿ. ಅಮೆರಿಕದಲ್ಲಿ ಪ್ರಸಾರಕ್ಕೆಂದೇ ಎಣ್ಣೆಗೆ ನೀಲಿ ಬಣ್ಣ ಬೆರೆಸಿ ತೋರಿಸಿದ್ದೂ ಉಂಟು. ಅದನ್ನು ಮೊಬೈಲಿನಲ್ಲಿ ನೋಡಿದ ದಿನ ನನಗೆ ಬೇರೆಯೇ ಆಟ ನೋಡಿದ ಹಾಗಾಯಿತು. ಒಂದೊಂದು ಎಸೆತಕ್ಕೂ ನೀಲಿಯ ಮೇಲೆ ಒಂದು ಬಿಳಿ ಗೀರು, ಗೀರಿನ ಮೇಲೆ ಗೀರು, ಕೊನೆಗೆ ಒಂದು ಬೋಳು ಪಟ್ಟೆ.

ಹೋದ ಭಾನುವಾರ ಅದೇ ಸೆಂಟರಿನಲ್ಲಿ ಉದ್ದ ಪ್ಯಾಟರ್ನ್ ಹಾಕಿದ್ದರು, 45 ಅಡಿ. 31 ಕಳೆದು ಹದಿನಾಲ್ಕು ಎಂದು ಕೈಮೇಲೆ ಪೆನ್ನಿನಲ್ಲಿ ಬರೆದುಕೊಂಡೆ. ಮೊದಲ ಗೇಮ್ 148. ಎರಡನೆಯದರ ನಡುವೆ ಒಂದು ಸ್ಟ್ರೈಕ್ ಬಿದ್ದಾಗ ಹತ್ತನೆಯ ಪಿನ್ನು ತಡವಾಗಿ ಬಿದ್ದದ್ದನ್ನು ಕಂಡೆ, ಚಪ್ಪಾಳೆ ತಟ್ಟಿದವರ ಕಡೆ ತಿರುಗಿ ಕೈ ಎತ್ತುವುದರಲ್ಲಿ ಕಾಲು ಸರಿಸುವುದನ್ನು ಮರೆತೆ. ಮುಂದಿನ ಮೂರು ಫ್ರೇಮು ಸ್ಟ್ರೈಕೂ ಇಲ್ಲದೆ ಸ್ಪೇರೂ ಇಲ್ಲದೆ ತೆರೆದೇ ಉಳಿದವು. ಕೊನೆಯ ಗೇಮಿಗೆ ಚೆಂಡು ಜಾರುವುದೇ ಹೆಚ್ಚಾಯಿತು, ಮೈ ನುಣುಪಾಗಿದೆ ಎಂದು ಹಿರಿಯರು ಉಗುರಿನಲ್ಲಿ ಗೀರಿ ತೋರಿಸಿದರು.

ಸೋಮವಾರ ಬೆಳಗಿನ ಶಿಫ್ಟಿನಲ್ಲಿ ಸ್ಟೋರಿಗೆ ಹೋಗಿ ಎಮರಿ ಪೇಪರ್ ಕೇಳಿದೆ.

“ಯಾವ ಗ್ರೇಡಣ್ಣ?”

“ಐನೂರು ಇದ್ಯಾ?”

“ನಾನೂರು ಇದೆ, ಆರ್ನೂರು ಇದೆ. ಯಾವ ಜಾಬಿಗೆ?”

ಹೇಳಿದರೆ ಸ್ಲಿಪ್ಪಿನಲ್ಲಿ ಬರೆಯಬೇಕಾಗುತ್ತದೆ. ಬೇಡ ಬಿಡು ಎಂದು ಬಂದು, ಸಂಜೆ ಬಸ್ ಸ್ಟ್ಯಾಂಡ್ ಹತ್ತಿರದ ಹಾರ್ಡ್‌ವೇರ್ ಅಂಗಡಿಯಲ್ಲಿ ಆರುನೂರರದ್ದು ಎರಡು ಹಾಳೆ ಕೊಂಡೆ.